ಎಲೆಕ್ಟ್ರಿಕಲ್ ಓದಿ ಡಿಎಸ್‌ಪಿ ಕೆಲಸಕ್ಕೆ: ಮಲೆನಾಡಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನೂರು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಶಿವಮೊಗ್ಗದಲ್ಲಿ ಎಲೆಕ್ಟ್ರಿಕಲ್ ಬಿಇ ಮುಗಿಸಿ ಬೆಂಗಳೂರಿಗೆ ಹೋದೆ. ಅಲ್ಲಿ 18 ವರ್ಷ ಡಿಎಸ್‌ಪಿ ಕೆಲಸ ಮಾಡಿದೆ. ಈಗ ತಿಂಗಳಲ್ಲಿ ಹೆಚ್ಚಿನ ದಿನ ಊರಿನಿಂದಲೇ ಕೆಲಸ. ಊರಲ್ಲಿದ್ದೇನೆ ಅಂತ ಗೊತ್ತಾದ ಮೇಲೆ ಮದುವೆಮನೆಯಲ್ಲಿ, ಬಸ್ಸಿನಲ್ಲಿ, ಅಡಿಕೆ ಸುಲಿಯುವಲ್ಲಿ ಯಾರಾದರೂ ಒಬ್ಬರು ಮಗನನ್ನೋ ಮಗಳನ್ನೋ ಎದುರಿಗೆ ನಿಲ್ಲಿಸಿ "ಇವನಿಗೆ ಸ್ವಲ್ಪ ಹೇಳು ಮಾರಾಯ" ಅನ್ನುತ್ತಾರೆ. ಹೇಳಿದ್ದನ್ನೇ ಹೇಳಿ ಸಾಕಾಗಿದೆ. ಹಾಗಾಗಿ ಬರೆದಿಟ್ಟಿದ್ದೇನೆ.

ಡಿಎಸ್‌ಪಿ ಅಂದರೆ ಪೊಲೀಸ್ ಇಲಾಖೆಯಾ?

ನನ್ನ ಮದುವೆ ಮಾತುಕತೆಯ ದಿನ ಹುಡುಗಿ ಕಡೆಯ ಹಿರಿಯರೊಬ್ಬರು, "ಹುಡುಗ ಡಿಎಸ್‌ಪಿಯಂತೆ, ಯಾವ ಸಬ್‌ಡಿವಿಜನ್ನು?" ಅಂತ ಕೇಳಿದ್ದರು. ಅಪ್ಪಯ್ಯ ಒಂದು ಗಳಿಗೆ ಸುಮ್ಮನಿದ್ದು, "ಕಂಪ್ಯೂಟರ್ ಕಡೆದು" ಅಂದು ಕಾಫಿ ಲೋಟ ಎತ್ತಿಕೊಂಡರು. ಪೂರ್ತಿ ಹೆಸರು ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್. ಜೀಪು ಕೊಡುವುದಿಲ್ಲ.

ಹಾಗಾದರೆ ಏನದು? ಒಂದು ಸಲ ಅರ್ಥ ಆಗೋ ಹಾಗೆ ಹೇಳಿ.

ಸದ್ದು, ಬೆಳಕು, ಕರೆಂಟು, ಹೃದಯದ ಬಡಿತ, ಮೊಬೈಲ್ ಟವರಿನ ತರಂಗ, ಎಲ್ಲವೂ ಸಮಯದ ಜೊತೆ ಏರಿಳಿಯುತ್ತವೆ. ಆ ಏರಿಳಿತವನ್ನು ಅಂಕಿಗಳಾಗಿ ಮಾಡಿಕೊಂಡು, ಅಂಕಿಗಳ ಮೇಲೆ ಲೆಕ್ಕ ಹಾಕಿ, ಬೇಕಾದ್ದನ್ನು ತೆಗೆಯುವುದೇ ಈ ಕೆಲಸ.

ಅಂಕಿ ಮಾಡುವುದರಲ್ಲಿ ಎರಡು ಹೆಜ್ಜೆ. ಮೊದಲನೆಯದು ಸ್ಯಾಂಪ್ಲಿಂಗ್: ಎಷ್ಟು ಹೊತ್ತಿಗೊಮ್ಮೆ ಅಳೆಯುತ್ತೀರಿ ಅನ್ನುವುದು. ಹಳೇ ಲ್ಯಾಂಡ್‌ಲೈನ್ ಫೋನು ದನಿಯಲ್ಲಿ 300ರಿಂದ 3400 ಹರ್ಟ್ಸ್‌ವರೆಗಿನ ಭಾಗವನ್ನು ಮಾತ್ರ ಇಟ್ಟುಕೊಳ್ಳುತ್ತಿತ್ತು (ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವುದು). ಇಟ್ಟುಕೊಂಡದ್ದನ್ನು ಡಿಜಿಟಲ್ ಎಕ್ಸ್‌ಚೇಂಜಿನಲ್ಲಿ ಸೆಕೆಂಡಿಗೆ 8000 ಸಲ ಅಳೆಯುತ್ತಿದ್ದರು. ಅತಿ ಹೆಚ್ಚಿನ ಕಂಪನಾಂಕದ ಎರಡರಷ್ಟಕ್ಕಿಂತ ಜಾಸ್ತಿ ಅಳೆಯಬೇಕು ಅನ್ನುವುದು ನಿಯಮ. ಫೋನಿನಲ್ಲಿ "ಸ" ಮತ್ತು "ಫ" ಬೆರೆತು ಹೋಗಿ, ಹೆಸರು ಹೇಳಲು ಮೂರು ಸಲ ಕೂಗಬೇಕಾಗುತ್ತಿತ್ತು, ನೆನಪಿದೆಯಾ? "ಸ"ದ ಸಿಳ್ಳಿನ ಸದ್ದು ಹೆಚ್ಚಿನ ಪಾಲು ಇರುವುದೇ 4000 ಹರ್ಟ್ಸ್‌ಗಿಂತ ಮೇಲೆ. ಅದನ್ನು ಫೋನು ಬಾಗಿಲಲ್ಲೇ ಬಿಟ್ಟು ಬಂದಿರುತ್ತಿತ್ತು.

ಎರಡನೆಯದು ಕ್ವಾಂಟೈಸೇಷನ್. ಇದನ್ನು ಶಿವಮೊಗ್ಗದವರಿಗೆ ಹೇಳಿಕೊಡುವುದು ಬಹಳ ಸುಲಭ. ಅಡಿಕೆ ಮಂಡಿಗೆ ಹೋಗಿ ನೋಡಿ. ಒಂದೊಂದು ಅಡಿಕೆಯೂ ಒಂದೊಂದು ಥರ ಇರುತ್ತದೆ. ಆದರೆ ಕಡೆಗೆ ಅದು ಸರಕು, ಬೆಟ್ಟೆ, ರಾಶಿ, ಗೊರಬಲು ಅನ್ನುವ ನಾಲ್ಕರಲ್ಲಿ ಒಂದು ಚೀಲಕ್ಕೆ ಬೀಳಲೇಬೇಕು. ಬೆಟ್ಟೆಗೂ ರಾಶಿಗೂ ನಡುವೆ ಇರುವ ಅಡಿಕೆಗೆ ಬೇರೆ ಚೀಲ ಇಲ್ಲ. ನಾಲ್ಕು ದರ್ಜೆ ಅಂದರೆ 2 ಬಿಟ್. ಸಿಡಿಯಲ್ಲಿರುವುದು 16 ಬಿಟ್, ಅಂದರೆ 65,536 ಚೀಲ. ಚೀಲ ಜಾಸ್ತಿಯಾದಷ್ಟೂ ತಪ್ಪು ಚೀಲಕ್ಕೆ ಬಿದ್ದ ನಷ್ಟ ಕಡಿಮೆ. ಆ ಉಳಿಕೆ ನಷ್ಟಕ್ಕೆ ನಾವು ಕ್ವಾಂಟೈಸೇಷನ್ ನಾಯ್ಸ್ ಅನ್ನುತ್ತೇವೆ, ಬೆಳೆಗಾರರು ಬೇರೆ ಹೆಸರಲ್ಲಿ ಕರೆಯುತ್ತಾರೆ.

ನಾನು ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಅಲ್ಲ. ಈ ಕಡೆ ಬರಬಹುದಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಬರಬಹುದು. ಅಷ್ಟೇ ಅಲ್ಲ, ಒಂದು ವಿಷಯದಲ್ಲಿ ನೀವು ಮುಂದೆಯೇ ಇದ್ದೀರಿ.

ಫೇಸರ್ ಓದಿದ್ದೀರಲ್ಲ? ಸರ್ಕ್ಯೂಟ್ ವಿಷಯದಲ್ಲಿ ಬಾಣ ಬರೆದು, ಕೋನ ಹಾಕಿ, ತಿರುಗಿಸಿದ್ದು? ಡಿಎಸ್‌ಪಿಯಲ್ಲಿ ಎಲ್ಲರೂ ಹೆದರುವ ಕಾಂಪ್ಲೆಕ್ಸ್ ಎಕ್ಸ್‌ಪೊನೆನ್ಷಿಯಲ್ ಅದೇ ಬಾಣ. ಎಲೆಕ್ಟ್ರಾನಿಕ್ಸ್ (ಇಸಿ) ಹುಡುಗರು ಅದನ್ನು ಸೂತ್ರವಾಗಿ ಕಲಿಯುತ್ತಾರೆ. ನೀವು ಅದನ್ನು ಮೋಟರಿನೊಳಗೆ ತಿರುಗಿಸಿ ನೋಡಿರುತ್ತೀರಿ.

ಕರೆಂಟಿನ ಲೋಕದಲ್ಲೇ ಡಿಎಸ್‌ಪಿ ಎಷ್ಟು ಬೇಕಾದರೂ ಇದೆ. ಶರಾವತಿ ವಿದ್ಯುದಾಗಾರದಲ್ಲಿ 10 ಯಂತ್ರಗಳಿವೆ, ಒಂದೊಂದು 103.5 ಮೆಗಾವ್ಯಾಟ್, ಒಟ್ಟು 1035. ಅಂಥ ಕಡೆಯಿಂದ ಹೊರಡುವ ಲೈನಿನ ಮೇಲೆ ಮಳೆಗಾಲದಲ್ಲಿ ಮರ ಬಿದ್ದರೆ, ಬ್ರೇಕರ್ ತೆರೆಯಲು ಹೇಳುವುದು ರಿಲೇ. ಮೊದಲು ತಿರುಗುವ ತಟ್ಟೆಯ ರಿಲೇ ಇತ್ತು. ಈಗಿನದು ಪುಟ್ಟ ಕಂಪ್ಯೂಟರ್. ಲೈನಿನ ಕರೆಂಟನ್ನು ಒಂದು ಆವರ್ತದಲ್ಲಿ ಹತ್ತಾರು ಸಲ ಅಳೆದು, ಅದರೊಳಗಿನ 50 ಹರ್ಟ್ಸ್ ಭಾಗ ಎಷ್ಟು ಅಂತ ಫೂರಿಯರ್ ಲೆಕ್ಕ (ಯಾವ ಯಾವ ಕಂಪನಾಂಕ ಎಷ್ಟೆಷ್ಟು ಬೆರೆತಿದೆ ಅಂತ ಬಿಡಿಸುವ ಲೆಕ್ಕ) ಹಾಕುತ್ತದೆ. ಒಂದು ಆವರ್ತ ಅಂದರೆ 20 ಮಿಲಿಸೆಕೆಂಡ್. ನಾವು ಕಣ್ಣು ಮಿಟುಕಿಸುವುದರೊಳಗೆ ಅದು ಲೆಕ್ಕ ಮುಗಿಸಿ ತೀರ್ಮಾನ ಹೇಳಿರುತ್ತದೆ. ಈ ಪ್ರೋಗ್ರಾಮ್ ಬರೆಯುವವನಿಗೆ ಫೂರಿಯರ್ ಒಂದೇ ಗೊತ್ತಿದ್ದರೆ ಸಾಲದು. ಲೈನಿನಲ್ಲಿ ಏನಾಗುತ್ತದೆ ಅಂತಲೂ ಗೊತ್ತಿರಬೇಕು. ಅದು ನಿಮಗೆ ಗೊತ್ತು. ಮೋಟರ್ ಡ್ರೈವ್, ಸೋಲಾರ್ ಇನ್ವರ್ಟರ್, ಎಲೆಕ್ಟ್ರಿಕ್ ಸ್ಕೂಟರ್, ಎಲ್ಲದರ ಒಳಗೂ ಇದೇ ಕಥೆ.

ವಿಟಿಯು ಎಲೆಕ್ಟ್ರಿಕಲ್ ಶಾಖೆಯಲ್ಲೂ ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್, ಡಿಎಸ್‌ಪಿ ವಿಷಯಗಳು ಬರುತ್ತವೆ. ಸ್ಕೀಮ್ ಬದಲಾದ ಹಾಗೆ ಸೆಮಿಸ್ಟರ್ ಬದಲಾಗುತ್ತದೆ, ಅಷ್ಟೇ. "ಇದು ಪಾಸಾಗಲಿಕ್ಕೆ ಇರೋ ವಿಷಯ" ಅಂತ ಯಾರಾದರೂ ಹೇಳಿದರೆ ನಗುತ್ತಾ ತಲೆಯಾಡಿಸಿ, ಸುಮ್ನೆ ಓದಿ.

ಗಣಿತ ಎಷ್ಟು ಬೇಕು? ನನಗೆ ಅಂಥಾ ಒಲವಿಲ್ಲ.

ಮೂರು ನಾಲ್ಕು ವಿಷಯ ಗಟ್ಟಿ ಇರಬೇಕು: ಕಾಂಪ್ಲೆಕ್ಸ್ ಸಂಖ್ಯೆ, ಮ್ಯಾಟ್ರಿಕ್ಸ್, ಸಂಭವನೀಯತೆ, ಸ್ವಲ್ಪ ಕ್ಯಾಲ್ಕುಲಸ್. ಗಟ್ಟಿ ಅಂದರೆ ಕಣ್ಣಿಗೆ ಕಾಣುವ ಹಾಗೆ.

ಸಾಗರದ ಮಾರಿಜಾತ್ರೆಗೆ ಹೋದಾಗ ಜೈಂಟ್ ವೀಲ್ ನೋಡಿರುತ್ತೀರಿ. ಅದರ ಒಂದು ತೊಟ್ಟಿಲಿನ ಮೇಲೆ ಕಣ್ಣಿಡಿ. ಅದು ಸುತ್ತುತ್ತಿದೆ. ನೆತ್ತಿಯ ಮೇಲೆ ಸೂರ್ಯ ಇದ್ದಾಗ ಅದರ ನೆರಳು ನೆಲದ ಮೇಲೆ ಆ ಕಡೆ ಈ ಕಡೆ ಓಡಾಡುತ್ತದೆ. ಆ ನೆರಳೇ ಕೊಸೈನ್. ಚಕ್ರವೇ ಕಾಂಪ್ಲೆಕ್ಸ್ ಎಕ್ಸ್‌ಪೊನೆನ್ಷಿಯಲ್. ಈಗ ನೆರಳು ಮಾತ್ರ ನೋಡಿ ಚಕ್ರ ಯಾವ ಕಡೆ ತಿರುಗುತ್ತಿದೆ ಹೇಳಿ ನೋಡೋಣ. ಆಗಲ್ಲ, ಅಲ್ವಾ? ಅದಕ್ಕೇ ಬರೀ ಕೊಸೈನಿನ ಫೂರಿಯರ್ ಚಿತ್ರದಲ್ಲಿ ಪ್ಲಸ್ ಕಡೆಗೂ ಮೈನಸ್ ಕಡೆಗೂ ಒಂದೊಂದು ಕಂಬ ಬರುವುದು. "ಮೈನಸ್ ಫ್ರೀಕ್ವೆನ್ಸಿ ಎಲ್ಲಿರುತ್ತೆ ಸಾರ್?" ಅಂತ ಕೇಳಿ ಕ್ಲಾಸಿನಲ್ಲಿ ಬೈಸಿಕೊಂಡಿದ್ದೆ. ಎಷ್ಟೋ ವರ್ಷ ಆದಮೇಲೆ ಜಾತ್ರೆಯಲ್ಲಿ ಮಗಳ ಜೊತೆ ನಿಂತಾಗ ಉತ್ತರ ಸಿಕ್ಕಿತು.

ಕನ್ವಲ್ಯೂಷನ್ ಕೂಡ ಹಾಗೇ. ನಡುಮನೆಯಲ್ಲಿ ಒಂದು ಚಪ್ಪಾಳೆ ತಟ್ಟಿ. ಆಮೇಲೆ ಕಲ್ಲಿನ ದೇವಸ್ಥಾನದ ಒಳಗೆ ನಿಂತು ಒಂದು ತಟ್ಟಿ. ಚಪ್ಪಾಳೆ ಒಂದೇ, ಜಾಗ ಕೊಟ್ಟ ಉತ್ತರ ಬೇರೆ. ಆ ಉತ್ತರಕ್ಕೆ ಇಂಪಲ್ಸ್ ರೆಸ್ಪಾನ್ಸ್ ಅನ್ನುತ್ತಾರೆ. ಮಂತ್ರ ಹೇಳುವವರ ದನಿಯ ಒಂದೊಂದು ಸ್ಯಾಂಪಲ್ಲೂ ಒಂದೊಂದು ಸಣ್ಣ ಚಪ್ಪಾಳೆ ಅಂದುಕೊಳ್ಳಿ. ಪ್ರತಿಯೊಂದಕ್ಕೂ ಗೋಡೆ ಅದೇ ಉತ್ತರ ಕೊಡುತ್ತದೆ. ಎಲ್ಲ ಉತ್ತರಗಳನ್ನು ಅದರದರ ಹೊತ್ತಿಗೆ ಕೂಡಿಸಿದರೆ ನಿಮ್ಮ ಕಿವಿಗೆ ಬಿದ್ದದ್ದು ಸಿಗುತ್ತದೆ. ಕನ್ವಲ್ಯೂಷನ್ ಅಂದರೆ ಇಷ್ಟೇ. ಪರೀಕ್ಷೆಯಲ್ಲಿ ಟೇಬಲ್ ಹಾಕಿ ಮಾಡುವುದು ಇದರ ಒಣ ರೂಪ.

ದಿನಾ ಎಂತ ಕೆಲಸ ಇರುತ್ತೆ?

ಹೊರಗಿನವರು ಅಂದುಕೊಂಡಷ್ಟು ಹೊಸ ಅಲ್ಗಾರಿದಮ್ ಕಂಡುಹಿಡಿಯುವುದಿಲ್ಲ. ಡೇಟಾ ನೋಡುವುದು, ಗ್ರಾಫ್ ಹಾಕುವುದು, "ಈ ಕಂಬ ಎಲ್ಲಿಂದ ಬಂತು?" ಅಂತ ತಲೆ ಕೆರೆದುಕೊಳ್ಳುವುದು, ಪ್ರೋಗ್ರಾಮ್ ಬರೆಯುವುದು, ಬರೆದದ್ದು ಚಿಪ್ಪಿನ ಮೇಲೆ ಯಾಕೆ ಬೇರೆ ಉತ್ತರ ಕೊಡುತ್ತಿದೆ ಅಂತ ಹುಡುಕುವುದು. ಸಂಜೆ ಮೀಟಿಂಗು. ಗ್ರಾಫ್ ನೋಡುವುದರಲ್ಲೇ ಅರ್ಧ ಆಯಸ್ಸು ಹೋಗುತ್ತದೆ. ಅದು ಬೇಜಾರು ಅನ್ನಿಸುವವರಿಗೆ ಈ ಕೆಲಸ ಬೇಡ.

ನೀವು ಮಾಡಿದ ಒಂದು ತಪ್ಪು ಹೇಳಿ.

ಆಫೀಸಿನದು ಹೇಳುವಂತಿಲ್ಲ. ಮನೆಯದು ಹೇಳುತ್ತೇನೆ. ಇದರಲ್ಲಿ ಡಿಎಸ್‌ಪಿ ಪೂರ್ತಿ ಇದೆ, ಹಾಗಾಗಿ ಸ್ವಲ್ಪ ಉದ್ದ.

ನಮ್ಮ ಮನೆಯಲ್ಲಿ 1988ರ ಮಳೆಗಾಲದ ಒಂದು ತಾಳಮದ್ದಳೆಯ ಕ್ಯಾಸೆಟ್ ಇದೆ. ಅಜ್ಜ ಅರ್ಥ ಹೇಳಿದ್ದಾರೆ. ಟೇಪ್ ರೆಕಾರ್ಡರನ್ನು ಪ್ಲಗ್ಗಿಗೆ ಹಾಕಿ ರೆಕಾರ್ಡ್ ಮಾಡಿದ್ದರಿಂದ ಉದ್ದಕ್ಕೂ "ಗುಂಯ್" ಅನ್ನುವ ಕರೆಂಟಿನ ಸದ್ದು. ಇದೇನು ದೊಡ್ಡ ವಿಷಯ ಅಂದುಕೊಂಡೆ. ಕರೆಂಟು 50 ಹರ್ಟ್ಸ್. ಅದರ ಮರಿಗಳು 100, 150, ಹೀಗೆ 450ರವರೆಗೆ. ಒಂದೊಂದಕ್ಕೂ ಒಂದು ನಾಚ್ ಫಿಲ್ಟರ್ (ಒಂದು ಕಂಪನಾಂಕದ ಸುತ್ತಲಿನದನ್ನು ಮಾತ್ರ ಸೋಸಿ ತೆಗೆಯುವುದು) ಹಾಕಿ ಕಿತ್ತರೆ ಆಯಿತು. ಹಾಕಿದೆ, ಒಂದೊಂದೂ 10 ಹರ್ಟ್ಸ್ ಅಗಲ.

ಕೇಳಿದರೆ ಗುಂಯ್ ಹೋಗಿಲ್ಲ. ಹಾರ್ಮೋನಿಯಂ ಶ್ರುತಿ ಹೋಗಿದೆ! ಭಾಗವತರು ನೀರಿಲ್ಲದ ಬಾವಿಯೊಳಗೆ ನಿಂತು ಹಾಡಿದ ಹಾಗಿತ್ತು.

ಎರಡು ದಿನ ಫಿಲ್ಟರಿನ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದೆ. ತಪ್ಪು ಅಲ್ಲಿ ಇರಲೇ ಇಲ್ಲ. ನಾನು ಸಿಗ್ನಲ್ಲನ್ನು ಸರಿಯಾಗಿ ನೋಡಿರಲಿಲ್ಲ. ಧ್ವನಿಯನ್ನು ಸೆಕೆಂಡಿಗೆ 8000 ಸ್ಯಾಂಪಲ್ಲಿಗೆ ಇಳಿಸಿಕೊಂಡು, ಫೂರಿಯರ್ ಲೆಕ್ಕವನ್ನು ಬೇಗ ಮಾಡುವ ವಿಧಾನವಾದ 1024 ಸ್ಯಾಂಪಲ್ಲಿನ ಎಫ್‌ಎಫ್‌ಟಿ ಹಾಕಿದ್ದೆ. ಭಾಗಿಸಿ ನೋಡಿ: ಒಂದೊಂದು ಕಂಬದ ಅಗಲ ಸುಮಾರು 7.8 ಹರ್ಟ್ಸ್. 144.5ರಿಂದ 152.3ರವರೆಗೆ ಇರುವುದೆಲ್ಲ ಒಂದೇ ಕಂಬದಲ್ಲಿ ಕೂತಿರುತ್ತದೆ. ಅದನ್ನು ನೋಡಿ "ಹಾಂ, 150" ಅಂದುಕೊಂಡಿದ್ದೆ. ಆಮೇಲೆ 16384 ಸ್ಯಾಂಪಲ್ ತೆಗೆದುಕೊಂಡೆ, ಎರಡು ಸೆಕೆಂಡಿನ ತುಂಡು. ಕಂಬದ ಅಗಲ ಅರ್ಧ ಹರ್ಟ್ಸಿಗೆ ಇಳಿಯಿತು. ಈಗ ಚಿತ್ರ ಬೇರೆಯೇ. ಗುಂಯ್ ಇದ್ದದ್ದು 48.5, 97, 145.5ರಲ್ಲಿ. ಶ್ರುತಿ ಇದ್ದದ್ದು 151ರಲ್ಲಿ, 302ರಲ್ಲಿ, 453ರಲ್ಲಿ. ನನ್ನ 150, 300, 450ರ ಫಿಲ್ಟರ್‌ಗಳು ಹೋಗಿ ಹೋಗಿ ಶ್ರುತಿಯ ಕುತ್ತಿಗೆ ಹಿಡಿದಿದ್ದವು.

ಕರೆಂಟು 48.5 ಆದದ್ದು ಹೇಗೆ? ಟೇಪು ನಿಧಾನ ಓಡಿದೆ, ನೂರಕ್ಕೆ ಮೂರರಷ್ಟು, ಅಂತ ನಾನಂದೆ. ಆಫೀಸಿನಲ್ಲಿ ನನಗಿಂತ ಹಿರಿಯರೊಬ್ಬರು ಇದ್ದರು, ಮೊದಲು ವಿದ್ಯುತ್ ಕೇಂದ್ರದಲ್ಲಿ ದುಡಿದು ಬಂದವರು. ಅವರು ನಕ್ಕರು. "ನಿನಗೆ 1988ರ ಕರೆಂಟು ನೆನಪಿಲ್ಲ. ಆಗ ದಕ್ಷಿಣದ ಗ್ರಿಡ್ಡು 50 ಮುಟ್ಟದ ದಿನ ಎಷ್ಟಿದ್ದವು ಗೊತ್ತಾ? ಟೇಪು ಸರಿಯಾಗಿಯೇ ಓಡಿ, ಕರೆಂಟೇ 48.5 ಇದ್ದಿರಬಹುದು." ಹೌದಲ್ಲ! ಈಗ ಗ್ರಿಡ್ಡನ್ನು 49.90ರಿಂದ 50.05ರೊಳಗೆ ಇಡಬೇಕು ಅಂತ ನಿಯಮವಿದೆ. ಆಗಿನ ಕಥೆಯೇ ಬೇರೆ. ಒಬ್ಬ ಸಾಕ್ಷಿಯ ಮಾತು ಸಾಲದು, ಇನ್ನೊಬ್ಬ ಬೇಕು.

ಎರಡನೇ ಸಾಕ್ಷಿ ನಮ್ಮ ಅಟ್ಟದ ಮೇಲಿತ್ತು. ಅದೇ ಹಾರ್ಮೋನಿಯಂ. ಶನಿವಾರ ಊರಿಗೆ ಬಂದು, ಧೂಳು ಕೊಡವಿ, ಕಪ್ಪು ಎರಡರ ಮನೆ ಒತ್ತಿ, ಫೋನಿನಲ್ಲಿ ಅಳೆದೆ: 155 ಮತ್ತು 156ರ ನಡುವೆ. ಕ್ಯಾಸೆಟ್ಟಿನಲ್ಲಿ ಅದು 151. ಇಲ್ಲಿಯೂ ನೂರಕ್ಕೆ ಮೂರೇ ಕಡಿಮೆ. ಅಂದರೆ ಆ ರಾತ್ರಿ ಕರೆಂಟು ಹೆಚ್ಚುಕಡಿಮೆ 50 ಇತ್ತು, ಈಗ ಹಾಕಿ ಕೇಳುವಾಗ ಟೇಪೇ ನಿಧಾನ ಓಡಿದ್ದು. ಮೊದಲು ವೇಗ ಸರಿ ಮಾಡಿದೆ. ಗುಂಯ್ ತಾನಾಗಿ 50, 100, 150ಕ್ಕೆ ಬಂದು ಕೂತಿತು. ಶ್ರುತಿ 155ರ ಆಚೆ ಸರಿಯಿತು. ಆಮೇಲೆ 2 ಹರ್ಟ್ಸ್ ಅಗಲದ ಸಣ್ಣ ಫಿಲ್ಟರ್ ಸಾಕಾಯಿತು. ಕಸ ಅಂತ ಬಿಸಾಡಲು ಹೊರಟ ಸದ್ದೇ ವೇಗ ಅಳೆಯುವ ಗಡಿಯಾರವಾಗಿತ್ತು.

ಹೊಸಬರಿಗೆ ನಾನು ಫಿಲ್ಟರ್ ಬರೆಯಲು ಬಿಡುವುದಿಲ್ಲ. ಮೊದಲ ವಾರ ಈ ಸಿಗ್ನಲ್ ಎಲ್ಲಿಂದ ಬಂತು, ಯಾವ ತಂತಿಯಲ್ಲಿ ಬಂತು, ಯಾರು ಅಳೆದರು ಅಂತ ಬರೆದುಕೊಂಡು ಬಾ ಅನ್ನುತ್ತೇನೆ. ಸಿಡುಕುತ್ತಾರೆ. ಸಿಡುಕಲಿ.

ಎಫ್‌ಎಫ್‌ಟಿ ಅಂತ ಎಲ್ಲರೂ ಹೇಳ್ತಾರಲ್ಲ, ಅದರಲ್ಲಿ ಏನು ವಿಶೇಷ?

ಲೆಕ್ಕ ಉಳಿತಾಯ. 1024 ಸ್ಯಾಂಪಲ್ಲಿನ ಫೂರಿಯರ್ ಲೆಕ್ಕವನ್ನು ನೇರವಾಗಿ ಮಾಡಿದರೆ ಹತ್ತು ಲಕ್ಷಕ್ಕೂ ಮೇಲೆ ಗುಣಾಕಾರ ಬೇಕು. ಎಫ್‌ಎಫ್‌ಟಿಯಲ್ಲಿ 5120 ಸಾಕು. ಕೂಲಿ ಮತ್ತು ಟ್ಯೂಕಿ ಅನ್ನುವ ಇಬ್ಬರು ಇದನ್ನು ಪ್ರಕಟಿಸಿದ್ದು 1965ರಲ್ಲಿ. ಭದ್ರಾವತಿ ಆಕಾಶವಾಣಿ ಶುರುವಾದದ್ದೂ ಅದೇ ವರ್ಷ. ಎರಡಕ್ಕೂ ಏನೂ ಸಂಬಂಧ ಇಲ್ಲ, ಆದರೆ ನನಗೆ ಇಸವಿ ನೆನಪಿರುವುದು ಹೀಗೆ. ನಿಮ್ಮ ಜೇಬಿನ 4ಜಿ ಫೋನು ನಿಂತಿರುವುದು ಎಫ್‌ಎಫ್‌ಟಿ ಮೇಲೆ. 20 ಮೆಗಾಹರ್ಟ್ಸ್ ಚಾನೆಲ್ಲಿಗೆ 2048 ಸ್ಯಾಂಪಲ್ಲಿನದು, ಸೆಕೆಂಡಿಗೆ ಸಾವಿರಾರು ಸಲ.

ಮ್ಯಾಟ್‌ಲ್ಯಾಬ್ ಇಲ್ಲದೆ ಕಲಿಯಬಹುದಾ? ದುಡ್ಡಿಲ್ಲ.

ಪೈಥಾನ್, ಅದರ ಜೊತೆ ನಮ್‌ಪೈ, ಸೈಪೈ. ಇಲ್ಲವಾದರೆ ಆಕ್ಟೇವ್. ಎಲ್ಲವೂ ಪುಕ್ಕಟೆ. ಹಳೇ ಲ್ಯಾಪ್‌ಟಾಪ್ ಸಾಕು.

ಸಿ ಭಾಷೆ ಇನ್ನೂ ಬೇಕಾ?

ಬೇಕು. ಚಿಪ್ಪಿನ ಮೇಲೆ ಕೆಲಸ ಮಾಡುವವರಿಗೆ ಸಿ ಬಾರದಿದ್ದರೆ ಗದ್ದೆಗಿಳಿದು ಕೆಸರು ಬೇಡ ಅಂದ ಹಾಗೆ. ಅಗ್ಗದ ಚಿಪ್ಪುಗಳಲ್ಲಿ ದಶಮಾಂಶದ ಲೆಕ್ಕ ನಿಧಾನ. ಹಾಗಾಗಿ 16 ಬಿಟ್ಟಿನ ಪೂರ್ಣಾಂಕದಲ್ಲೇ ಎಲ್ಲ ಸಾಗಿಸಬೇಕು. ಅದರಲ್ಲಿ ಹಿಡಿಸುವ ದೊಡ್ಡ ಅಂಕಿ 32767. ಅದಕ್ಕೆ ಒಂದು ಕೂಡಿಸಿ: 32768 ಬರಲ್ಲ, ಮೈನಸ್ 32768 ಬರುತ್ತದೆ! ಹಳೇ ಕರೆಂಟ್ ಮೀಟರು 9999 ಆದಮೇಲೆ 0000ಕ್ಕೆ ಮಗುಚಿದ ಹಾಗೆ, ಅದಕ್ಕಿಂತ ಕೆಟ್ಟದಾಗಿ. ಸ್ಪೀಕರಿನಲ್ಲಿ ಅದು "ಟಪ್" ಅಂತ ಕೇಳುತ್ತದೆ. ಚಂಡೆ ಜೋರಾಗಿ ಬಿದ್ದಾಗಲೆಲ್ಲ ಟಪ್ ಟಪ್. ತುಂಬಿದ ಮೇಲೆ ಮಗುಚದೆ ಅಲ್ಲೇ ನಿಲ್ಲುವ ಹಾಗೆ ಬರೆಯಬೇಕು. ಇಂಥ ಹತ್ತು ವಿಷಯ ಕೈಗೆ ಹತ್ತಿದರೆ ಸಾಕು, ಕಂಪನಿಗಳಲ್ಲಿ ನಿಮ್ಮನ್ನು ಸುಲಭಕ್ಕೆ ಬಿಡುವುದಿಲ್ಲ.

ಫೈನಲ್ ಇಯರ್ ಪ್ರಾಜೆಕ್ಟ್ ಏನು ಮಾಡಲಿ?

ಮೊದಲು ಏನು ಮಾಡಬಾರದು ಅಂತ ಹೇಳುತ್ತೇನೆ. ರೆಡಿ ಪ್ರಾಜೆಕ್ಟ್ ದುಡ್ಡು ಕೊಟ್ಟು ತರಬೇಡಿ. ನಮ್ಮ ಬ್ಯಾಚಿನಲ್ಲಿ ನಾಲ್ವರು ಸೇರಿ ಹಾಗೆ ತಂದಿದ್ದೆವು, ನಾನೂ ಒಬ್ಬ. ವೈವಾದಲ್ಲಿ "ಈ ಕೆಪಾಸಿಟರ್ ಯಾಕೆ ಇಲ್ಲಿದೆ?" ಅಂತ ಕೇಳಿದರು. ನಾಲ್ಕೂ ಜನ ಕೆಪಾಸಿಟರನ್ನೇ ನೋಡಿದೆವು. ಅದು ಆಂಟಿ ಏಲಿಯಾಸಿಂಗ್ ಫಿಲ್ಟರಿನದು (ಹೆಚ್ಚಿನ ಕಂಪನಾಂಕವನ್ನು ಸ್ಯಾಂಪಲ್ ಆಗುವ ಮೊದಲೇ ತಡೆಯುವುದು) ಅಂತ ನನಗೆ ತಿಳಿದದ್ದು ಕೆಲಸಕ್ಕೆ ಸೇರಿ ಎರಡು ವರ್ಷ ಆದಮೇಲೆ.

ನನ್ನ ಕೇಳಿದರೆ, ಒಂದು ಆರ್‌ಟಿಎಲ್ ಎಸ್‌ಡಿಆರ್ ಡಾಂಗಲ್ ತೆಗೆದುಕೊಳ್ಳಿ. ಪೆನ್‌ಡ್ರೈವಿನಷ್ಟು ಇರುತ್ತದೆ. ಮೂಲದಲ್ಲಿ ಟಿವಿ ನೋಡಲು ಮಾಡಿದ್ದು. ಅದು ಗಾಳಿಯಲ್ಲಿರುವ ತರಂಗವನ್ನು ಸೆಕೆಂಡಿಗೆ ಇಪ್ಪತ್ತು ಲಕ್ಷಕ್ಕೂ ಮೇಲೆ ಸ್ಯಾಂಪಲ್ ಮಾಡಿ, 8 ಬಿಟ್ ಅಂಕಿಯಾಗಿ ಲ್ಯಾಪ್‌ಟಾಪಿಗೆ ಕೊಡುತ್ತದೆ. ಉಳಿದ ರೇಡಿಯೋ ಪೂರ್ತಿ ನೀವು ಬರೆಯಬೇಕು: ಭದ್ರಾವತಿಯ ಎಫ್‌ಎಂ 103.5ಕ್ಕೆ ತಿರುಗಿಸಿ, ಬೇಡದ ಸ್ಟೇಷನ್ ಸೋಸಿ, ಎಫ್‌ಎಂ ಬಿಡಿಸಿ, ಸ್ಪೀಕರಿಗೆ ಕಳಿಸಬೇಕು. ಮೊದಲ ಸಲ ನಿಮ್ಮದೇ ಪ್ರೋಗ್ರಾಮಿನಿಂದ ಪ್ರದೇಶ ಸಮಾಚಾರ ಕೇಳಿಸಿದಾಗ ಆಗುವ ಖುಷಿಗೆ ಯಾವ ಮಾರ್ಕ್ಸೂ ಸಾಟಿ ಅಲ್ಲ. ಅಂದಹಾಗೆ ಮೇಲೆ ಹೇಳಿದ ಶರಾವತಿ ಯಂತ್ರವೂ 103.5, ಈ ಸ್ಟೇಷನ್ನೂ 103.5. ಒಂದು ಮೆಗಾವ್ಯಾಟು, ಇನ್ನೊಂದು ಮೆಗಾಹರ್ಟ್ಸು. ಭದ್ರಾವತಿಯದೇ ಮೀಡಿಯಂ ವೇವ್ 675 ಕಿಲೋಹರ್ಟ್ಸ್ ಈ ಡಾಂಗಲಿಗೆ ನೇರವಾಗಿ ಸಿಗಲ್ಲ, ಅದಕ್ಕೆ ಬೇರೆ ಉಪಾಯ ಬೇಕು. ಯಾಕೆ ಅಂತ ಹುಡುಕುವುದೇ ಇನ್ನೊಂದು ಪ್ರಾಜೆಕ್ಟು.

ಡಾಂಗಲ್ ಬೇಡವಾದರೆ ಫೋನಿದೆಯಲ್ಲ. ಮಳೆಗಾಲದ ರಾತ್ರಿ ಗದ್ದೆಯಂಚಿನಲ್ಲಿ ಕಪ್ಪೆಗಳ ಸದ್ದು ಹಿಡಿದು ತನ್ನಿ. ಎಷ್ಟು ಜಾತಿ ಕೂಗುತ್ತಿವೆ ಅಂತ ಸ್ಪೆಕ್ಟ್ರೋಗ್ರಾಮ್ (ಯಾವ ಹೊತ್ತಿಗೆ ಯಾವ ಕಂಪನಾಂಕ ಎಷ್ಟಿದೆ ಅನ್ನುವ ಚಿತ್ರ) ಹಾಕಿ ನೋಡಿ. ಒಂದೊಂದು ಜಾತಿಯೂ ತನ್ನದೇ ಎತ್ತರದಲ್ಲಿ, ತನ್ನದೇ ತಾಳದಲ್ಲಿ ಕೂಗುತ್ತಿರುತ್ತದೆ. ಜಿಗಣೆಗೆ ಸುಣ್ಣ ಒಯ್ಯಲು ಮರೆಯಬೇಡಿ.

ಎಂ.ಟೆಕ್ ಮಾಡಲೇಬೇಕಾ?

ಮಾಡಿದರೆ ಒಳ್ಳೆಯದು, ಮಾಡದಿದ್ದರೆ ಬಾಗಿಲು ಮುಚ್ಚಿಲ್ಲ. ಅಲ್ಗಾರಿದಮ್ ಕಡೆ ಹೋಗುವ ಆಸೆ ಇದ್ದರೆ ಮಾಡಿ. ಬಿಇಯಲ್ಲಿ ಸಿಕ್ಕ ಗಣಿತ ಅದಕ್ಕೆ ಸಾಲದು. ಗೇಟ್ (ಎಂ.ಟೆಕ್ ಪ್ರವೇಶದ ಪರೀಕ್ಷೆ) ಬರೆಯಿರಿ. ಎಲೆಕ್ಟ್ರಿಕಲ್ ಪೇಪರಿನಲ್ಲೂ ಸಿಗ್ನಲ್ಸ್ ಇದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಸಿಗ್ನಲ್ ಪ್ರೊಸೆಸಿಂಗಿಗೇ ಎಂ.ಟೆಕ್ ಇದೆ. ಘಟ್ಟ ಇಳಿದರೆ ಸುರತ್ಕಲ್ ಎನ್‌ಐಟಿ. ಗೇಟ್ ಮೇಲೆ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಬರುತ್ತದೆ. ಮನೆಯಲ್ಲಿ ಅಪ್ಪಯ್ಯನ ಹತ್ತಿರ ಮಾತಾಡುವಾಗ ಇದನ್ನು ಮೊದಲು ಹೇಳಿ. ಚಿಪ್ಪು, ಸಿ, ಬೋರ್ಡ್ ಕೆಲಸ ಇಷ್ಟವಾದವರು ನೇರ ಕೆಲಸಕ್ಕೆ ಸೇರಬಹುದು. ನಾನು ಹಾಗೇ ಸೇರಿದ್ದು. ಆಮೇಲೆ ಗಣಿತವನ್ನು ರಾತ್ರಿ ಕೂತು ಕಲಿತೆ. ಅದು ಬಹಳ ಕಷ್ಟದ ದಾರಿ, ಸುಳ್ಳು ಹೇಳುವುದಿಲ್ಲ.

ಕೆಲಸ ಎಲ್ಲಿ ಸಿಗುತ್ತೆ?

ಹೆಚ್ಚಾಗಿ ಬೆಂಗಳೂರು. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಅಲ್ಲಿಗೆ ಬಂತು. ಡಿಎಸ್‌ಪಿ ಚಿಪ್ಪಿಗೆ ಹೆಸರಾದ ಕಂಪನಿ ಅದು. ಅಲ್ಲಿದ್ದವರೇ ಹೊರಬಂದು 2001ರಲ್ಲಿ ಇತ್ತಿಯಂ ಅಂತ ಡಿಎಸ್‌ಪಿಗೇ ಮೀಸಲಾದ ಕಂಪನಿ ಕಟ್ಟಿದರು. ಅನಲಾಗ್ ಡಿವೈಸಸ್ ಇದೆ, ಮೊಬೈಲ್ ಚಿಪ್ಪಿನವರು ಇದ್ದಾರೆ, ಕಾರಿನ ರಾಡಾರ್ ಮಾಡುವವರು, ಶ್ರವಣ ಸಾಧನ ಮಾಡುವವರು, ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರದವರು. ಸರಕಾರದ ಕಡೆ ಇಸ್ರೋ, ಬಿಇಎಲ್, ರಾಡಾರ್ ಮಾಡುವ ಎಲ್‌ಆರ್‌ಡಿಇ. ಸೋನಾರ್ ಬೇಕೆಂದರೆ ಕೊಚ್ಚಿಯ ಎನ್‌ಪಿಒಎಲ್.

ಸಿ-ಡಾಟ್ ಹೆಸರು ಈಗಿನವರು ಕೇಳಿರುವುದಿಲ್ಲ. ಸರಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ, 1984ರಲ್ಲಿ ಶುರುವಾಯಿತು. ನಮ್ಮ ಸೆಖೆ, ಧೂಳಿಗೆ ತಡೆಯುವ ಡಿಜಿಟಲ್ ಎಕ್ಸ್‌ಚೇಂಜ್ ಮಾಡಿದರು. 128 ಲೈನಿನ ಹಳ್ಳಿ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಕೂತದ್ದು ನಮ್ಮ ಕಿತ್ತೂರಿನಲ್ಲಿ. ನಮ್ಮೂರಿಗೆ ಫೋನು ಬಂದದ್ದೂ ಅಂಥದೇ ಒಂದು ಸಣ್ಣ ಪೆಟ್ಟಿಗೆಯಿಂದ. ಅದರ ಎದುರು ನಿಂತು ಕಿಟಕಿಯಲ್ಲಿ ಮಿಣುಕುವ ದೀಪ ನೋಡುತ್ತಿದ್ದವನು ನಾನು.

ಸಂಬಳ ಹೇಗೆ?

ಶುರುವಿಗೆ ಸಾಫ್ಟ್‌ವೇರ್ ಗೆಳೆಯರಿಗಿಂತ ಕಡಿಮೆ ಅನ್ನಿಸಬಹುದು. ಐದಾರು ವರ್ಷದ ಮೇಲೆ ಲೆಕ್ಕ ಬದಲಾಗುತ್ತದೆ. ಅಡಿಕೆ ಸಸಿ ನೆಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಟರ್‌ವ್ಯೂನಲ್ಲಿ ಏನು ಕೇಳ್ತಾರೆ?

ನಾನು ಕೇಳುವುದನ್ನು ಹೇಳುತ್ತೇನೆ. "5000 ಹರ್ಟ್ಸ್ ಸ್ವರವನ್ನು 8000ದಲ್ಲಿ ಸ್ಯಾಂಪಲ್ ಮಾಡಿದೆ. ಏನು ಕೇಳಿಸುತ್ತೆ?" ಉತ್ತರ 3000: 8000ದ ಅರ್ಧ ದಾಟಿದ ಸ್ವರ ಮಡಚಿಕೊಂಡು ಕೆಳಗೆ ಬಂದು ಕೂರುತ್ತದೆ. ಅದನ್ನು ಅರ್ಧದಷ್ಟು ಜನ ಹೇಳುತ್ತಾರೆ. ಆಮೇಲೆ ಕೇಳುತ್ತೇನೆ: "ಸ್ಯಾಂಪಲ್ ಆದಮೇಲೆ ಫಿಲ್ಟರ್ ಹಾಕಿ ಅದನ್ನು ಸರಿಮಾಡಬಹುದಾ?" ಇಲ್ಲಿ ತಡವರಿಸುತ್ತಾರೆ. ಆಗುವುದಿಲ್ಲ. ಚೀಲ ಬೆರೆತ ಮೇಲೆ ಯಾವ ಅಡಿಕೆ ಯಾರ ತೋಟದ್ದು ಅಂತ ಹೇಳಲು ಬರುವುದಿಲ್ಲ. ಅದಕ್ಕೇ ಬೆರೆಯುವ ಮೊದಲೇ ಆ ಕೆಪಾಸಿಟರ್ ಇರಬೇಕು. ವೈವಾದಲ್ಲಿ ನಾವು ನಾಲ್ಕು ಜನ ನೋಡುತ್ತಾ ನಿಂತಿದ್ದೆವಲ್ಲ, ಅದೇ.

ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ. ರೆಸ್ಯೂಮೆಯಲ್ಲಿ ಬರೆದದ್ದನ್ನು ಮಾತ್ರ ಗೊತ್ತಿಲ್ಲ ಅನ್ನಬೇಡಿ.

ಕನ್ನಡ ಮೀಡಿಯಂ. ಇಂಗ್ಲಿಷ್ ತೊಡಕಾಗುತ್ತಾ?

ಮೊದಲ ವರ್ಷ ಆಗುತ್ತದೆ. ನನಗೂ ಆಗಿತ್ತು. ಮೀಟಿಂಗಿನಲ್ಲಿ ಬಾಯಿ ಕಟ್ಟಿದರೆ ಗ್ರಾಫ್ ಬರೆದು ತೋರಿಸುತ್ತಿದ್ದೆ. ಗ್ರಾಫಿಗೆ ವ್ಯಾಕರಣ ಇಲ್ಲ. ಮೇಲ್ ಬರೆಯುವುದು ಮಾತ್ರ ಕಲಿಯಲೇಬೇಕು.

ಮಗಳನ್ನು ಈ ಕೆಲಸಕ್ಕೆ ಕಳಿಸಬಹುದಾ?

ನನಗೆ ಚಿಪ್ಪಿನ ಕೆಲಸ ಕಲಿಸಿದವರು ಹಾಸನದ ಕಡೆಯ ಒಬ್ಬ ಮೇಡಮ್. ಅವರ ಕೈಯಲ್ಲಿ ಬೈಸಿಕೊಳ್ಳದ ದಿನ ನಾನು ಏನೂ ಕಲಿತಿರಲಿಲ್ಲ. ಕಳಿಸಿ.

ಎಐ ಬಂದಮೇಲೆ ಇದೆಲ್ಲ ಬೇಕಾ?

ಕೆಲವು ಕೆಲಸ ಹೋಗಿದೆ. ಗದ್ದಲದ ನಡುವೆ ಮಾತು ಬಿಡಿಸುವುದಕ್ಕೆ ನಾವು ವರ್ಷಗಟ್ಟಲೆ ತಿದ್ದಿದ ಫಿಲ್ಟರುಗಳನ್ನು ನ್ಯೂರಲ್ ನೆಟ್‌ವರ್ಕು ಮೀರಿಸಿತು. ಹೊಟ್ಟೆಕಿಚ್ಚು ಪಟ್ಟು ಪ್ರಯೋಜನ ಇಲ್ಲ, ಕಲಿತುಕೊಂಡೆ. ಆದರೆ ಆ ನೆಟ್‌ವರ್ಕಿನ ಬಾಗಿಲಲ್ಲಿ ಯಾರು ಕೂತಿದ್ದಾರೆ ನೋಡಿ. ಮಾತು ಗುರುತಿಸುವ ಬಹಳಷ್ಟು ವ್ಯವಸ್ಥೆಗಳಲ್ಲಿ ದನಿಯನ್ನು 16000ದಲ್ಲಿ ಸ್ಯಾಂಪಲ್ ಮಾಡಿ, 25 ಮಿಲಿಸೆಕೆಂಡಿನ ತುಂಡು ಮಾಡಿ, 10 ಮಿಲಿಸೆಕೆಂಡಿಗೊಮ್ಮೆ ಸರಿದು, ಒಂದೊಂದಕ್ಕೂ ಫೂರಿಯರ್ ಹಾಕಿ ಕೊಡುತ್ತಾರೆ. ಮೈಕ್ ಕೆಟ್ಟರೆ, ಗೇನ್ ಜಾಸ್ತಿಯಾಗಿ ದನಿ ಚಪ್ಪಟೆಯಾದರೆ, ಸ್ಯಾಂಪ್ಲಿಂಗ್ ತಪ್ಪಿದರೆ ನೆಟ್‌ವರ್ಕು ಏನೂ ಗೊತ್ತಾಗದೆ ತಪ್ಪನ್ನೇ ಧೈರ್ಯವಾಗಿ ಹೇಳುತ್ತದೆ. ಆಗ ನಮಗೆ ಫೋನ್ ಬರುತ್ತದೆ.

ಶಿವಮೊಗ್ಗದಲ್ಲೋ ಊರಲ್ಲೋ ಕೂತು ಈ ಕೆಲಸ ಮಾಡಬಹುದಾ?

ಅಲ್ಗಾರಿದಮ್, ಸಿಮ್ಯುಲೇಷನ್ ಆದರೆ ಆರಾಮಾಗಿ ಮಾಡಬಹುದು. ಬೋರ್ಡು, ಆಸಿಲೋಸ್ಕೋಪು ಬೇಕಾದ ಕೆಲಸಕ್ಕೆ ತಿಂಗಳಿಗೆ ಎರಡು ಸಲ ರಾತ್ರಿ ರೈಲು ಹತ್ತುತ್ತೇನೆ. ಶುರುವಿನ ನಾಲ್ಕೈದು ವರ್ಷ ಮಾತ್ರ ಊರಲ್ಲಿ ಕೂರಬೇಡಿ. ಪಕ್ಕದ ಮೇಜಿನವರನ್ನು ನೋಡಿ ಕಲಿಯುವುದು ಜಾಸ್ತಿ ಇರುತ್ತದೆ.

ಆಷಾಢದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ಹೇಳಲಾಗದು. ದೊಡ್ಡ ಬ್ಯಾಟರಿಯ ಇನ್ವರ್ಟರ್, ಎರಡು ಕಂಪನಿಯ ಇಂಟರ್ನೆಟ್, ಇವೆರಡು ಇಲ್ಲದೆ ಬರಬೇಡಿ. ಮೀಟಿಂಗಿನಲ್ಲಿ ನನ್ನ ಮೈಕ್ ಆನ್ ಆದ ಕೂಡಲೇ ಹಿಂದೆ ಹೆಂಚಿನ ಮೇಲೆ ಮಳೆ. ಆ ಮಳೆಯ ಸದ್ದನ್ನು ಸೋಸುವ ಪ್ರೋಗ್ರಾಮನ್ನು ಎರಡು ವಾರ ಕೂತು ಬರೆದೆ. ತಂಡದವರು, "ಹಾಕಬೇಡಿ, ಮಳೆ ಚೆನ್ನಾಗಿದೆ" ಅಂದರು.

ಆ ಕ್ಯಾಸೆಟ್ ಕಡೆಗೆ ಏನಾಯಿತು?

ಸರಿ ಹೋಯಿತು. ಗುಂಯ್ ತೆಗೆದ ಮೇಲೆ ಹುಮ್ಮಸ್ಸು ಬಂದು, ಹಿಂದೆ ಸುರಿಯುತ್ತಿದ್ದ ಮಳೆಯನ್ನೂ ಅದೇ ಪ್ರೋಗ್ರಾಮಿನಿಂದ ಕಿತ್ತೆ. ಮಳೆಯ ಸದ್ದು ಎಲ್ಲ ಕಂಪನಾಂಕದಲ್ಲೂ ಹರಡಿಕೊಂಡಿರುತ್ತದೆ, ಸುಲಭಕ್ಕೆ ಹೋಗುವುದಿಲ್ಲ. ಬಹಳ ಒದ್ದಾಡಿ ತೆಗೆದೆ. ಅಜ್ಜನ ಅರ್ಥ ಸ್ಟುಡಿಯೋದಲ್ಲಿ ಹೇಳಿದ ಹಾಗೆ ಸ್ವಚ್ಛ.

ಅಪ್ಪಯ್ಯನ ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿಸಿದೆ. ಕಣ್ಣು ಮುಚ್ಚಿ ಐದು ನಿಮಿಷ ಕೇಳಿದರು. ಆಮೇಲೆ ಒಂದು ಕಿವಿಯದು ಸರಿಸಿ, "ಮಳೆ ಎಲ್ಲಿ ಹೋಯ್ತ? ಆವತ್ತು ರಾತ್ರಿ ಎಂಥಾ ಮಳೆ ಹೊಡ್ದಿತ್ತು! ಹೊಳೆ ಬಂದು ಭಾಗವತರು ಮೂರು ದಿನ ಇಲ್ಲೇ ಉಳ್ಕಂಡಿದ್ರು" ಅಂದರು.

ಈಗ ಎರಡು ಫೈಲ್ ಇಟ್ಟಿದ್ದೇನೆ. ಅಪ್ಪಯ್ಯ ಕೇಳುವುದು ಮಳೆ ಇರುವುದನ್ನೇ.